ಓದುಗರ ಪ್ರಶ್ನೆಗೆ ಉತ್ತರ: ಅಂಜಲಿಯ ಪಕ್ಕದಲ್ಲಿ ಇವ್ಯಾಂಜಲಿನ್

ಈ ತಿಂಗಳು ಬಂದ ಪತ್ರಗಳಲ್ಲಿ ಮೂರು ಒಂದೇ ಜಾಡಿನವು. ಹಿರಿಯರ ವಂಶದವರೆಂದು ದಾಖಲೆ ತೋರಿಸಿದವರಿಗೆ ಮಾತ್ರ ಸದಸ್ಯತ್ವ ಕೊಡುವ ಸಂಘಗಳಿವೆ. ಅಂಥ ಸಂಘಗಳಿಗೆ ಅರ್ಜಿ ಹಾಕಲು ಹೊರಟು ನಡುದಾರಿಯಲ್ಲಿ ನಿಂತವರು ಈ ಮೂವರೂ. ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿ ನಾನು 31 ವರ್ಷ ಕೆಲಸ ಮಾಡಿದ್ದೇನೆ. ಕೆಂಪು ಬಟ್ಟೆಯ ಗಂಟು ಬಿಚ್ಚಿ, ಗೆದ್ದಲು ಕೊಡವಿ, ಯಾರದೋ ಅಜ್ಜನ ಹೆಸರು ಹುಡುಕಿ ಕೊಟ್ಟಾಗ ಅವರ ಮುಖ ಅರಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆದ್ದರಿಂದ ಈ ಸಲ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಪ್ರಶ್ನೆ: ನನ್ನ ಮಗ 1996ರಲ್ಲಿ ಅಮೆರಿಕದ ಹುಡುಗಿಯನ್ನು ಮದುವೆಯಾದ. ನಮ್ಮ ಅಂಗಳದಲ್ಲೇ ಚಪ್ಪರ ಹಾಕಿ ಮದುವೆ ಮಾಡಿದೆವು. ಸೊಸೆಯ ಹೆಸರು ಇವ್ಯಾಂಜಲಿನ್. ನಮ್ಮ ನಾಲಿಗೆ ಹೊರಳಲಿಲ್ಲ, ಅಂಜಲಿ ಎಂದು ಕರೆದೆವು. ಅವಳೂ ನಕ್ಕು ಒಪ್ಪಿಕೊಂಡಳು. ನಾಲ್ಕು ವರ್ಷ ಇಲ್ಲೇ ಇದ್ದರು. 1999ರಲ್ಲಿ ಮೊಮ್ಮಗಳು ಪೇಟೆಯ ಆಸ್ಪತ್ರೆಯಲ್ಲಿ ಹುಟ್ಟಿದಾಗ ನಮ್ಮ ಯಜಮಾನರು ತಾಯಿಯ ಹೆಸರನ್ನು ಅಂಜಲಿ ಎಂದೇ ಬರೆಸಿಬಿಟ್ಟರು. ಈಗ ಮೊಮ್ಮಗಳು ಅಲ್ಲಿ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಸಂಘಕ್ಕೆ ಸೇರಬೇಕೆಂದಿದ್ದಾಳೆ. ಸೊಸೆಯ ಚಿಕ್ಕಮ್ಮ ಆಗಲೇ ಅದರ ಸದಸ್ಯೆ. ಜನನ ಪ್ರಮಾಣಪತ್ರದ ತಾಯಿಯ ಹೆಸರೊಂದು ಹೊಂದುತ್ತಿಲ್ಲ, ಅರ್ಜಿ ಕಳುಹಿಸುವ ಮೊದಲು ಅದನ್ನು ಸರಿಪಡಿಸಿಕೋ ಎಂದು ಆ ಚಿಕ್ಕಮ್ಮ ಹೇಳಿದರಂತೆ. ಯಜಮಾನರು ಈಗಿಲ್ಲ. ಅವರ ಅಕ್ಕರೆಯೇ ಮೊಮ್ಮಗಳಿಗೆ ಅಡ್ಡ ಬಂತಲ್ಲ ಎಂದು ಸಂಕಟವಾಗುತ್ತದೆ. ಇನ್ನೊಂದು ಮಾತು: ಅವಳು ಆ ಕಡೆಯ ವಂಶ ಹಿಡಿದು ಹೊರಟರೆ ನಮ್ಮ ಕಡೆಯದು ಏನಾಗುತ್ತದೆ?
— ಒಬ್ಬ ಅಜ್ಜಿ, ಶರಾವತಿ ಸೀಮೆ

ಉತ್ತರ: ಅಮ್ಮಾ, ಮೊದಲು ಸಂಕಟ ಬಿಡಿ. ನಿಮ್ಮ ಯಜಮಾನರು ಸುಳ್ಳು ಬರೆಸಲಿಲ್ಲ, ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನು ಬರೆಸಿದರು. ಇದಕ್ಕೆ ಕಾನೂನಿನಲ್ಲಿ ದಾರಿಯಿದೆ. ಆ ದಾರಿಯೂ ನಿಮ್ಮ ಮನೆ ಬಾಗಿಲಿನಿಂದಲೇ ಹೊರಡುತ್ತದೆ.

ಆ ಸಂಘ ಏನು ಕೇಳುತ್ತದೆ ಎಂಬುದು ನಿಮಗೆ ಗೊತ್ತಿದ್ದರೆ ಒಳ್ಳೆಯದು. ಅದು 1890ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದ ಮಹಿಳೆಯರ ಸಂಘ. ಬ್ರಿಟಿಷರ ವಿರುದ್ಧ 1775ರಿಂದ 1783ರವರೆಗೆ ನಡೆದ ಸ್ವಾತಂತ್ರ್ಯ ಸಮರದಲ್ಲಿ ನೆರವಾದವರ ನೇರ ರಕ್ತಸಂಬಂಧದ ವಂಶಸ್ಥೆಯಾಗಿರಬೇಕು, 18 ತುಂಬಿರಬೇಕು. ನೆರವಾದವರೆಂದರೆ ಬಂದೂಕು ಹಿಡಿದವರಷ್ಟೇ ಅಲ್ಲ. ಸೈನ್ಯಕ್ಕೆ ದವಸ ಒದಗಿಸಿದ ರೈತ, ಹೊಸ ಸರ್ಕಾರಕ್ಕೆ ನಿಷ್ಠನೆಂದು ಪ್ರತಿಜ್ಞೆಗೆ ಸಹಿ ಹಾಕಿದ ಸಾಮಾನ್ಯ ಮನುಷ್ಯ, ಇವರೂ ಲೆಕ್ಕಕ್ಕೆ ಬರುತ್ತಾರೆ. ಅರ್ಜಿಯಲ್ಲಿ ಮೊಮ್ಮಗಳಿಂದ ಶುರುವಾಗಿ ಆ ಹಿರಿಯನವರೆಗೆ ಪ್ರತಿ ತಲೆಮಾರಿನ ಗಂಡ ಹೆಂಡತಿಯ ಹೆಸರು, ಹುಟ್ಟು, ಮದುವೆ, ಸಾವುಗಳ ದಿನಾಂಕ ಮತ್ತು ಸ್ಥಳ ಬರೆಯಬೇಕು. ಹೆಂಡತಿಯ ತವರಿನ ಹೆಸರನ್ನು ಬಿಡುವಂತಿಲ್ಲ. ವಂಶದ ಎಳೆ ಮಗನ ಮೂಲಕ ಬಂದರೂ ಆದೀತು, ಮಗಳ ಮೂಲಕ ಬಂದರೂ ಆದೀತು. ಇದು ನನಗೆ ತುಂಬಾ ಹಿಡಿಸಿದ ಸಂಗತಿ.

ಅರ್ಜಿಯ ಜೀವ ಇರುವುದು ಕೊಂಡಿಗಳಲ್ಲಿ. ಇವಳು ಇವಳ ಮಗಳು, ಅವಳು ಅವನ ಮಗಳು ಎಂದು ಒಂದೊಂದು ಕೊಂಡಿಗೂ ಕಾಗದ ಬೇಕು. ಹಿರಿಯ ಎಷ್ಟು ದೊಡ್ಡವನು ಎಂಬುದನ್ನು ಯಾರೂ ಕೇಳುವುದಿಲ್ಲ. ಅವನಿಂದ ನಿನ್ನವರೆಗೆ ಸರಪಳಿ ಎಲ್ಲೂ ತುಂಡಾಗಿಲ್ಲ ತಾನೇ ಎಂದು ಕೇಳುತ್ತಾರೆ. ಹಳೆಯ ಕಾಲದ ಕೊಂಡಿಗಳಿಗೆ ಅಲ್ಲಿ ಜನಗಣತಿ ನೆರವಿಗೆ ಬರುತ್ತದೆ. 1790ರಲ್ಲಿ ಶುರುವಾದ ಅದರಲ್ಲಿ ಮೊದಮೊದಲು ಮನೆಯ ಯಜಮಾನನ ಹೆಸರಷ್ಟೇ ಬರೆಯುತ್ತಿದ್ದರು. ಮನೆಯ ಉಳಿದವರ ಹೆಸರೂ ಬಂದದ್ದು 1850ರಲ್ಲಿ, ಯಜಮಾನನಿಗೆ ಅವರು ಏನಾಗಬೇಕೆಂದು ಬರೆದದ್ದು 1880ರಲ್ಲಿ. ಇನ್ನೊಂದು ವಿಷಯ ಓದಿದಾಗ ನನ್ನ ಕಣ್ಣು ಒದ್ದೆಯಾಯಿತು. ಆ ಸಮರದ ಸೈನಿಕರ ವಿಧವೆಯರಿಗೆ 1836ರ ಕಾನೂನು ಪಿಂಚಣಿಯ ದಾರಿ ತೆರೆದಾಗ, ಮದುವೆಯಾದದ್ದಕ್ಕೆ ಸಾಕ್ಷಿಯಾಗಿ ಬೇರೇನೂ ಇಲ್ಲದ ಮುದುಕಿಯರು ತಮ್ಮ ಮನೆಯ ಬೈಬಲ್ಲಿನಿಂದ ಹೆಸರು ದಿನಾಂಕ ಬರೆದಿದ್ದ ಹಾಳೆಯನ್ನೇ ಕಿತ್ತು ಅರ್ಜಿಯ ಜೊತೆ ಕಳುಹಿಸಿದರು. ಆ ಹಾಳೆಗಳು ಇಂದಿಗೂ ಅಲ್ಲಿನ ರಾಷ್ಟ್ರೀಯ ದಾಖಲಾಗಾರದ ಪಿಂಚಣಿ ಕಡತಗಳಲ್ಲಿವೆ. ನಮ್ಮಲ್ಲಿ ಪಂಚಾಂಗದ ಅಂಚಿನಲ್ಲಿ ಗೌರಿ ದನ ಕರು ಹಾಕಿದ್ದು, ಮಗಳು ಹೆತ್ತದ್ದು ಎರಡನ್ನೂ ಒಂದೇ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರಲ್ಲ, ಅದೇ ಜೀವ.

ನಿಮ್ಮ ವಿಷಯದಲ್ಲಿ ಈ ಹಳೆಯ ಕೊಂಡಿಗಳ ಚಿಂತೆ ಹೆಚ್ಚಿಲ್ಲ. ಸೊಸೆಯ ಚಿಕ್ಕಮ್ಮನ ಅರ್ಜಿ ಅಂಗೀಕಾರವಾಗಿದೆ ಎಂದಾದ ಮೇಲೆ ಅದರ ಪ್ರತಿಯನ್ನು ಸಂಘದಿಂದ ತರಿಸಿಕೊಳ್ಳಬಹುದು, ಅದನ್ನೇ ಆಧಾರವಾಗಿ ತೋರಿಸಬಹುದು. ಅದು ಬಹಳ ಹಿಂದಿನ ಅರ್ಜಿಯಾಗಿದ್ದರೆ ಈಗಿನ ಕಣ್ಣಿಗೆ ಸಡಿಲ ಕಾಣುವ ಜಾಗಗಳಿರಬಹುದು, ಅಲ್ಲಿ ಹೊಸ ಕಾಗದ ಕೇಳುತ್ತಾರೆ. ಮೊಮ್ಮಗಳು ಸ್ವತಃ ತೋರಿಸಬೇಕಾದದ್ದು ಈಚಿನ ತಲೆಮಾರುಗಳನ್ನು. ಎರಡೂವರೆ ಶತಮಾನದ ಸರಪಳಿ ಅಷ್ಟು ದೂರದಿಂದ ಗಟ್ಟಿಯಾಗಿ ಬಂದು, ನಿಮ್ಮ ಪೇಟೆಯ ಒಂದು ಸಾಲಿನಲ್ಲಿ ಸಡಿಲವಾಗಿದೆ. ಆ ಒಂದು ಸಾಲನ್ನು ಬಿಗಿ ಮಾಡೋಣ.

ಮೊದಲ ಕೆಲಸ, ಸೊಸೆಯ ಹಳೆಯ ಪೆಟ್ಟಿಗೆ ತೆಗೆಸಿ. ಅಮೆರಿಕದ ಪ್ರಜೆಗೆ ಇಲ್ಲಿ ಮಗು ಹುಟ್ಟಿದರೆ ಅವರ ದೂತಾವಾಸ ‘ವಿದೇಶದಲ್ಲಿ ಜನನ’ದ ವರದಿಯೊಂದನ್ನು ಕೊಡುತ್ತದೆ. ಆಗ ಕರ್ನಾಟಕದವರಿಗೆ ಅದು ಚೆನ್ನೈ ಕಚೇರಿ. ಆ ವರದಿಯಲ್ಲಿ ತಾಯಿಯ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆ ಇವ್ಯಾಂಜಲಿನ್ ಎಂದೇ ಇರುತ್ತದೆ. ಬಹುಶಃ ಆಗಲೂ ‘ಅಂಜಲಿ ಎಂದರೆ ನಾನೇ’ ಎಂದು ಅವಳು ಪ್ರಮಾಣಪತ್ರ ಬರೆದುಕೊಟ್ಟಿರುತ್ತಾಳೆ. ಅದರ ನಕಲು ಸಿಕ್ಕರೆ ಚಿನ್ನ ಸಿಕ್ಕಂತೆ. ಮದುವೆಯ ನೋಂದಣಿಯನ್ನೂ ಹುಡುಕಿ. ಚಪ್ಪರದಲ್ಲಿ ಆದ ಮದುವೆಯನ್ನು ಆಮೇಲೆ 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿಸಲು ಅವಕಾಶವಿದೆ. ನಿಮ್ಮ ಮಗ ವೀಸಾಕ್ಕೆ ಅರ್ಜಿ ಹಾಕಿದ್ದಾನೆಂದರೆ ಅದನ್ನು ಮಾಡಿಸಿಯೇ ಇರಬೇಕು. ಆ ಪುಸ್ತಕದಲ್ಲಿ ಇಬ್ಬರ ಸಹಿಯೂ ಇರುತ್ತದೆ.

ಎರಡನೆಯದು, ಜನನ ನೋಂದಣಿಯ ತಿದ್ದುಪಡಿ. ದೂತಾವಾಸದ ವರದಿ ಸಿಕ್ಕಿತೆಂದು ಇದನ್ನು ಬಿಡಬೇಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮು ಇದಕ್ಕಾಗಿಯೇ ಇದೆ. ಮಗುವಿನ ಜನನ ನೋಂದಾಯಿಸಿದ ಕಚೇರಿಗೇ ಅರ್ಜಿ ಕೊಡಬೇಕು. ಪಾಸ್‌ಪೋರ್ಟಿನ ಪ್ರತಿ, ಮದುವೆಯ ನೋಂದಣಿ, ದೂತಾವಾಸದ ವರದಿ ಲಗತ್ತಿಸಿ. ಜೊತೆಗೆ ತಪ್ಪೇನು, ನಿಜವೇನು ಎಂದು ವಿಷಯ ಬಲ್ಲ ನಂಬಿಕಸ್ಥರಿಬ್ಬರು ಬರೆದುಕೊಡುವ ಹೇಳಿಕೆ ಬೇಕಾಗುತ್ತದೆ.

ಆ ಕಲಮಿನಲ್ಲಿ ಒಂದು ಮಾತಿದೆ, ಅದನ್ನು ನಿಮಗೆ ಹೇಳಲೇಬೇಕು. ನೋಂದಣಾಧಿಕಾರಿ ಮೂಲ ನಮೂದನ್ನು ಅಳಿಸುವಂತಿಲ್ಲ, ಹೊಡೆದುಹಾಕುವಂತಿಲ್ಲ. ಅಂಚಿನಲ್ಲಿ ತಿದ್ದುಪಡಿ ಬರೆದು, ಸಹಿ ಮಾಡಿ, ದಿನಾಂಕ ಹಾಕಬೇಕು. ಇಂಥ ಪುಟಗಳನ್ನು ನಾನು ಕಂಡಿದ್ದೇನೆ. ಮಾಸಿದ ನೀಲಿ ಶಾಯಿಯಲ್ಲಿ ಹಳೆಯ ಗುಮಾಸ್ತರ ಅಕ್ಷರ, ಪಕ್ಕದ ಸಣ್ಣ ಜಾಗದಲ್ಲಿ ಓರೆಯಾಗಿ ಹೊಸ ಅಕ್ಷರ, ಅದರ ಕೆಳಗೆ ದುಂಡನೆಯ ಮೊಹರು. ನಿಮ್ಮ ಯಜಮಾನರು ಬರೆಸಿದ ಅಂಜಲಿ ಆ ಪುಸ್ತಕದಲ್ಲಿ ಇದ್ದಲ್ಲಿಯೇ ಇರುತ್ತಾಳೆ. ಅವಳ ಪಕ್ಕದಲ್ಲಿ ಇವ್ಯಾಂಜಲಿನ್ ಬಂದು ಕೂರುತ್ತಾಳೆ, ಅಷ್ಟೆ.

ಮಗನ ಹೆಸರನ್ನೂ ಒಮ್ಮೆ ನೋಡಿಕೊಳ್ಳಿ. ನಮ್ಮಲ್ಲಿ ಊರಿನ ಒಂದಕ್ಷರ, ತಂದೆಯ ಒಂದಕ್ಷರ ಮುಂದಿಟ್ಟು ಹೆಸರು ಬರೆಯುತ್ತೇವೆ. ಪಾಸ್‌ಪೋರ್ಟ್ ಮಾಡಿಸುವಾಗ ಅದೇ ಅಕ್ಷರ ಬಿಡಿಸಿ ಊರಿನ ಹೆಸರು ಕೊನೆಗೆ ಹೋಗಿರುತ್ತದೆ. ನಮ್ಮ ಹೆಸರಿಡುವ ಪದ್ಧತಿ ಇಂಥದು ಎಂದು ಅರ್ಜಿಯ ಜೊತೆ ನಾಲ್ಕು ಸಾಲು ಬರೆದಿಟ್ಟರೆ ಅಲ್ಲಿನವರು ಗೊಂದಲಪಡುವುದಿಲ್ಲ. ಕನ್ನಡದ ಕಾಗದ ಯಾವುದಿದ್ದರೂ ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದಿಸಿದವರ ಸಹಿ ಇರಲಿ, ಮೂಲದ ಪ್ರತಿಯೂ ಜೊತೆಗಿರಲಿ.

ಇನ್ನು ನಿಮ್ಮ ಕೊನೆಯ ಮಾತು. ನಮ್ಮ ಕಡೆಯದು ಏನಾಗುತ್ತದೆ ಎಂದು ಕೇಳಿದ್ದೀರಿ. ಕೇಳಿದ್ದು ಬಹಳ ಸರಿ. ಮೊಮ್ಮಗಳಿಗೆ ಈಗ ಹುಡುಕುವ ಹುಮ್ಮಸ್ಸು ಬಂದಿದೆ, ಅದು ತಣ್ಣಗಾಗುವ ಮೊದಲು ನಿಮ್ಮದನ್ನೂ ಅವಳ ಕೈಗೆ ಕೊಡಿ. ನಿಮ್ಮ ಮನೆಯಲ್ಲಿ ಶ್ರಾದ್ಧ ನಡೆಯುತ್ತಿದ್ದರೆ ಮೂರು ತಲೆಮಾರು ಆಗಲೇ ಬಾಯಲ್ಲಿವೆ: ತಂದೆ, ಅಜ್ಜ, ಮುತ್ತಜ್ಜ, ತಾಯಿ, ಅಜ್ಜಿ, ಮುತ್ತಜ್ಜಿ. ಮಹಾಲಯಕ್ಕೆಂದು ಬರೆದಿಟ್ಟ ನೋಟುಪುಸ್ತಕ ಪುರೋಹಿತರ ಬಳಿಯೋ ನಿಮ್ಮ ದೇವರ ಕೋಣೆಯಲ್ಲೋ ಇರುತ್ತದೆ. ಅದರಲ್ಲಿ ಮಾವ, ಅತ್ತೆ, ಮಕ್ಕಳಿಲ್ಲದೆ ಹೋದ ಚಿಕ್ಕಮ್ಮ, ಎಲ್ಲರೂ ಸಿಗುತ್ತಾರೆ. ಜಾತಕಗಳ ಕಟ್ಟು ತೆಗೆಯಿರಿ, ಹುಟ್ಟಿದ ದಿನ ಮತ್ತು ತಂದೆತಾಯಿಯ ಹೆಸರು ಅಲ್ಲಿರುತ್ತದೆ. ಕಡತ ಅಥವಾ ತಾಳೆಗರಿ ಏನಾದರೂ ಅಟ್ಟದ ಮೇಲಿದ್ದರೆ ಒದ್ದೆ ಬಟ್ಟೆಯಿಂದ ಒರೆಸಲು ಹೋಗಬೇಡಿ. ಕಡತವೆಂದರೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆ. ಅದರ ಮೇಲಿನ ಬಳಪದ ಅಕ್ಷರ ಒಂದೇ ಒರಸಿಗೆ ಹೋಗುತ್ತದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥವನ್ನು ಕಾಪಾಡಿ ಇಟ್ಟಿದ್ದಾರೆ, ಒಮ್ಮೆ ಮೊಮ್ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ.

ಮತ್ತೆ, ಆ ನಂಬಿಕಸ್ಥರಿಬ್ಬರು ಯಾರೆಂದು ಹುಡುಕುತ್ತಾ ಕೂರಬೇಡಿ. ಒಬ್ಬರು ನೀವೇ. ಅವಳಿಗೆ ಆ ಹೆಸರಿಟ್ಟು ಕರೆದವರು ನೀವು, ಹೆರಿಗೆ ಕೋಣೆಯ ಹೊರಗೆ ಕೂತವರು ನೀವು. ನಿಮಗಿಂತ ಚೆನ್ನಾಗಿ ಬಲ್ಲವರು ಇನ್ನಾರಿದ್ದಾರೆ?

ಪ್ರಶ್ನೆ: ನನ್ನ ಅಜ್ಜ, ಅಂದರೆ ತಾಯಿಯ ತಂದೆ, 1942ರ ಚಳವಳಿಯಲ್ಲಿ ಜೈಲಿಗೆ ಹೋಗಿದ್ದವರು. ಸ್ವಾತಂತ್ರ್ಯ ಹೋರಾಟಗಾರರ ವಂಶಸ್ಥರೆಲ್ಲ ಸೇರಿ ಮಾಡಿಕೊಂಡ ಸಂಘವೊಂದಕ್ಕೆ ಸೇರಲು ವಂಶವೃಕ್ಷ ಕೇಳಿದ್ದಾರೆ. ಸೋದರಮಾವ ಮಾಡಿಸಿದ ವಂಶವೃಕ್ಷದಲ್ಲಿ ನನ್ನ ಅಮ್ಮನ ಹೆಸರೇ ಇಲ್ಲ. ‘ಹೆಣ್ಣುಮಕ್ಕಳನ್ನು ಹಾಕುವುದಿಲ್ಲ’ ಎಂದರು. ಜಗಳ ಬೇಡ, ಆದರೆ ಅಜ್ಜ ನನಗೂ ಅಜ್ಜನೇ ಅಲ್ಲವೇ?
— ಶಿಕಾರಿಪುರ ತಾಲ್ಲೂಕಿನ ಓದುಗಾರ್ತಿ

ಉತ್ತರ: ಹೌದು ಮಗಳೇ, ನಿನಗೂ ಅಜ್ಜನೇ. ಈಸೂರಿನ ಸೀಮೆಯವಳು ನೀನು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು ನಿಂತ ನೆಲ ಅದು. 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದ ಊರಿನ ನೆರೆ. ಅಲ್ಲಿನ ಹೋರಾಟಗಾರನೊಬ್ಬನ ಮಗಳ ಹೆಸರು ಅವನ ವಂಶವೃಕ್ಷದಲ್ಲಿ ಇಲ್ಲ ಎಂದರೆ ನನಗೆ ಕೋಪವೇ ಬರುತ್ತದೆ.

ನಮ್ಮ ದಾಖಲೆಗಳ ಭಾಷೆಯನ್ನೇ ನೋಡು. ಗಂಡಸಿನ ಹೆಸರಿನ ಮುಂದೆ ‘ಬಿನ್’, ಅಂದರೆ ಇಂಥವರ ಮಗ. ಅವನು ಸಾಯುವವರೆಗೂ ಅದು ಬದಲಾಗುವುದಿಲ್ಲ. ಹೆಣ್ಣಿನ ಹೆಸರಿನ ಮುಂದೆ ಮದುವೆಯಾದ ಮೇಲೆ ‘ಕೋಂ’, ಇಂಥವರ ಹೆಂಡತಿ. ಅಂದಿನಿಂದ ಅಪ್ಪನ ಹೆಸರು ಅವಳ ಕಾಗದಗಳಿಂದ ಕಾಣೆಯಾಗುತ್ತದೆ. ರೆಕಾರ್ಡ್ ರೂಮಿನಲ್ಲಿ ನನ್ನ ಸ್ವಂತ ಅಜ್ಜಿಯನ್ನು ಹುಡುಕಿದಾಗ ಅಜ್ಜ ಸತ್ತ ವರ್ಷದ ಖಾತೆ ಬದಲಾವಣೆಯಲ್ಲಿ ‘ಮೃತರ ಪತ್ನಿ’ ಎಂದಷ್ಟೇ ಇತ್ತು. ಹೆಸರಿಗೆಂದು ಬಿಟ್ಟ ಜಾಗ ಖಾಲಿ. ಅವಳ ಹೆಸರು ಪುಟ್ಟಮ್ಮ. ಅದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ.

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಹಾಕುವುದಿಲ್ಲ ಎಂಬ ಮಾತು ತಪ್ಪು. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, 2005ರಲ್ಲಿ ದೇಶಕ್ಕೆಲ್ಲ ಅದು ಬಂತು. ನಾಡಕಚೇರಿಗೆ ಹೊಸ ಅರ್ಜಿ ಕೊಡು. ಗ್ರಾಮ ಆಡಳಿತ ಅಧಿಕಾರಿ ಮಹಜರಿಗೆ ಬಂದಾಗ ಅಮ್ಮನ ಊರಿನ ಹಿರಿಯರು ‘ಇವಳು ಅವರ ಮಗಳು’ ಎಂದು ಹೇಳಲಿ. ಸೋದರಮಾವನಿಗೆ ಮೊದಲೇ ತಿಳಿಸು. ಇದು ಆಸ್ತಿಗಲ್ಲ, ಅಜ್ಜನ ಹೆಸರಿಗೆ ಎಂದು ಅವರ ಮನೆಗೇ ಹೋಗಿ, ಎದುರು ಕೂತು ಹೇಳು.

ಅಮ್ಮನನ್ನು ಅಜ್ಜನಿಗೆ ಸೇರಿಸುವ ಕಾಗದಕ್ಕೆ ಎಲ್ಲಿ ನೋಡಬೇಕು? ಅಮ್ಮ ಮೊದಲು ಕಲಿತ ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಮದುವೆಯ ಕರೆಯೋಲೆಯಲ್ಲಿ. ಆದರೆ ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಹೇಳುತ್ತೇನೆ: ತವರಿನ ಜಮೀನು ಪಾಲಾಗುವಾಗ ಅಣ್ಣತಮ್ಮಂದಿರಿಗೆ ಅಮ್ಮ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿದ್ದರೆ ಅದರ ಪ್ರತಿ ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ‘ಇಂಥವರ ಮಗಳಾದ ನಾನು’ ಎಂಬ ಒಕ್ಕಣೆ ಅದರಲ್ಲಿರುತ್ತದೆ, ಅಣ್ಣತಮ್ಮಂದಿರ ಹೆಸರೂ ಇರುತ್ತದೆ. ತನ್ನ ಪಾಲನ್ನು ಬಿಟ್ಟುಕೊಟ್ಟ ದಿನ ಅವಳು ಯಾರ ಮಗಳೆಂಬುದು ಸರ್ಕಾರಿ ಪುಸ್ತಕದಲ್ಲಿ ಶಾಶ್ವತವಾಯಿತು. ಅಮ್ಮನ ಹೆಬ್ಬೆಟ್ಟೋ ಸಹಿಯೋ ಇರುವ ಆ ಪುಟವನ್ನು ನೀನು ಕೈಯಲ್ಲಿ ಹಿಡಿದು ನೋಡಬೇಕು.

ಅಜ್ಜ ಜೈಲಿಗೆ ಹೋದದ್ದಕ್ಕೆ ಕೇಂದ್ರದ ಪಿಂಚಣಿಯ ಕಡತವೇ ದೊಡ್ಡ ಆಧಾರ. 1972ರಲ್ಲಿ ಶುರುವಾದ ಆ ಯೋಜನೆಗೆ ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸ ತೋರಿಸಬೇಕಿತ್ತು; ಜೈಲಿನ ಪ್ರಮಾಣಪತ್ರವೋ, ಅದಿಲ್ಲದಿದ್ದರೆ ಜೊತೆಯಲ್ಲಿ ಸೆರೆಯಲ್ಲಿದ್ದವರ ಪ್ರಮಾಣಪತ್ರವೋ ಅದರೊಳಗಿರುತ್ತದೆ. ಅದೇ ವರ್ಷ ಸರ್ಕಾರ ಹೋರಾಟಗಾರರಿಗೆ ಗೌರವವಾಗಿ ಕೊಟ್ಟ ತಾಮ್ರಪತ್ರ ಮನೆಯಲ್ಲಿದ್ದರೆ ಫೋಟೋ ತೆಗೆದಿಡು.

ಇನ್ನೊಂದು. ನಿಮ್ಮ ಕಡೆ ಹೆಳವರು ಬರುತ್ತಾರಲ್ಲ? ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಜಗಲಿಯ ಮೇಲೆ ಕೂತು, ನಿಮ್ಮ ಮನೆತನ ಯಾವ ಊರಿನಿಂದ ಬಂತು, ಯಾರ ಮಕ್ಕಳು ಯಾರು ಎಂದು ಓದಿ ಹೇಳುವವರು. ಈ ಸಲ ಬಂದಾಗ ದವಸ ಕೊಟ್ಟು ಕಳುಹಿಸಿ ಸುಮ್ಮನಾಗಬೇಡ. ಅವರು ಓದುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೋ, ಅವರ ಒಪ್ಪಿಗೆ ಪಡೆದು ಪುಸ್ತಕದ ಪುಟದ ಫೋಟೋ ತೆಗೆದುಕೋ. ಸಂಘದವರು ಇದನ್ನು ಪೂರಕ ಸಾಕ್ಷಿ ಎಂದಷ್ಟೇ ನೋಡಬಹುದು, ಆದರೂ ಹುಡುಕಬೇಕಾದ ಊರು ಯಾವುದೆಂದು ಅದು ತೋರಿಸಿಕೊಡುತ್ತದೆ. ಅಮ್ಮನ ಹೆಸರನ್ನು ಅವರ ಪುಸ್ತಕದಲ್ಲಿ ಬರೆಸಲು ಆಗುತ್ತದೆಯೇ ಎಂದೂ ಕೇಳು.

ಪ್ರಶ್ನೆ: ನಮ್ಮ ಮನೆತನದ ಟ್ರಸ್ಟಿನ ಸದಸ್ಯತ್ವಕ್ಕೆ ಮುತ್ತಜ್ಜನ ಊರಿನ ದಾಖಲೆ ಕೇಳುತ್ತಾರೆ. ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿದೆ. ನೀರಿಗೆ ಹೋಗಿ ಕೇಳಲೇ?
— ಮುಳುಗಡೆ ಕುಟುಂಬದವ, ಶಿವಮೊಗ್ಗ ತಾಲ್ಲೂಕು

ಉತ್ತರ: ಊರು ಮುಳುಗಿತು, ಕಡತ ಮುಳುಗಲಿಲ್ಲ. 1964ರಲ್ಲಿ ಅಣೆಕಟ್ಟು ಮುಗಿಯುವ ಮೊದಲೇ ಒಬ್ಬೊಬ್ಬರ ಜಮೀನನ್ನೂ ಅಳೆದು ಭೂಸ್ವಾಧೀನದ ಐತೀರ್ಪು ಬರೆದಿದ್ದಾರೆ. ಸರ್ವೆ ನಂಬರು, ಖಾತೆದಾರನ ಹೆಸರು, ಬಿನ್ ಯಾರು, ಪರಿಹಾರ ಎಷ್ಟು ಎಲ್ಲವೂ ಅದರಲ್ಲಿರುತ್ತದೆ. ಮಾಹಿತಿ ಹಕ್ಕಿನಡಿ ಪ್ರತಿ ಕೇಳಿ. ಊರಿನ ಹೆಸರಿನ ಜೊತೆ ಹೋಬಳಿಯನ್ನೂ ಬರೆಯಿರಿ, ಒಂದೇ ಹೆಸರಿನ ಊರುಗಳು ಬಹಳ. ಆಮೇಲೆ ನಿಮಗೆ ಬದಲಿ ಜಮೀನು ಸಿಕ್ಕ ಊರಿನಲ್ಲಿ ಮಂಜೂರಾತಿ ಆದೇಶ ಮತ್ತು ಸಾಗುವಳಿ ಚೀಟಿ ಹುಡುಕಿಸಿ. ಮುಳುಗಿದ ಊರಿನ ಹೆಸರೂ ಹೊಸ ಊರಿನ ಹೆಸರೂ ಒಟ್ಟಿಗೆ ಸಿಗುವ ಕಾಗದ ಅದೊಂದೇ ಇರಬಹುದು, ಜೋಪಾನ.

ಮನೆಯ ಹಳೆಯ ಪಾತ್ರೆಗಳನ್ನೂ ನೋಡಿ. ಹೊರಡುವಾಗ ಗಾಡಿಗೆ ಹೇರಿಕೊಂಡು ಬಂದ ಹಂಡೆ, ಕೊಳಗ, ತಂಬಿಗೆ ಇದ್ದೇ ಇರುತ್ತವೆ. ಮದುವೆಗೆ ಕೊಟ್ಟವರು ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿರುತ್ತಾರೆ, ಕೆಲವರು ಊರನ್ನೂ ಇಸವಿಯನ್ನೂ. ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಚುಕ್ಕಿಗಳು ಸವೆದಿದ್ದರೆ ಪಾತ್ರೆಯನ್ನು ಸಂಜೆಯ ಓರೆ ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ನೆರಳು ಬಿದ್ದಾಗ ಅಕ್ಷರ ಕಾಣುತ್ತದೆ. ಅದನ್ನು ಓದಿ ನನಗೂ ಬರೆಯಿರಿ.